ಗೋಡೆಯ ಮೇಲಿನ ಗುಡ್ಡ

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದರೆ ಶಟರ್ ಎಳೆಯುವ ಒಂದು ಅಂಗಡಿ, ಅಷ್ಟೆ. ಒಳಗೆ ಬಂದವರನ್ನು ಮೊದಲು ಎದುರುಗೊಳ್ಳುತ್ತಿದ್ದದ್ದು ಟರ್ಪೆಂಟೈನ್ ವಾಸನೆ, ಆಮೇಲೆ ನಾನು. ಅಂಗಡಿಗಳ ಬೋರ್ಡು, ಶಾಲೆಯ ಗೋಡೆಗೆ ಭಾರತದ ನಕಾಶೆ, ತೀರಿಹೋದವರ ಭಾವಚಿತ್ರ, ಲಾಡ್ಜುಗಳಿಗೆ ಹಂಪಿಯ ಕಲ್ಲಿನ ರಥ. ಯಾರು ಏನು ಕೇಳಿದರೂ ಬರೆದುಕೊಡುತ್ತಿದ್ದೆ. ಮಳೆಗಾಲ ಮುಗಿಯುತ್ತಿದ್ದಂತೆ ಮಾತ್ರ ಬಾಗಿಲು ಹಾಕಿ ಸಂಡೂರಿನ ಬಸ್ಸು ಹತ್ತುತ್ತಿದ್ದೆ. ಅಲ್ಲಿಯ ಗುಡ್ಡಗಳ ಎದುರು ಕೂತು ಬರೆಯುತ್ತಿದ್ದೆ. ಆ ಚಿತ್ರಗಳಿಗೆ ಗಿರಾಕಿ ಇರಲಿಲ್ಲ. ಅವು ನನಗಾಗಿ.

ಅದಿರಿನ ಕಾಲ ಬಂದಾಗ ಮೊದಮೊದಲು ನನಗೂ ಒಳ್ಳೆಯದೇ ಆಯಿತು, ಸುಳ್ಳೇಕೆ ಹೇಳಲಿ. ಬೆಳಗಾದರೆ ಊರಿಗೆ ಹೊಸ ಲಾರಿ. ಪ್ರತಿ ಲಾರಿಗೂ ನಂಬರು ಬೇಕು, ಹಣೆಗೆ ಮನೆದೇವರ ಹೆಸರು ಬೇಕು, ಹಿಂದೆ ಹದ್ದೋ ಕಮಲವೋ ಬೇಕು. ರಸ್ತೆಯ ಪಕ್ಕದಲ್ಲೇ ಬಕೆಟ್ ಬೋರಲು ಹಾಕಿ ಕೂತು ಬರೆಯುತ್ತಿದ್ದೆ. ಬಿಳಿಯ ಅಕ್ಷರ ಒಣಗುವಷ್ಟರಲ್ಲಿ ಧೂಳು ಕೂತು ಗುಲಾಬಿಗೆ ತಿರುಗುತ್ತಿತ್ತು. ಸ್ಟುಡಿಯೋ ಬಾಗಿಲಿಗೆ ಹೆಂಡತಿಯ ಹಳೆಯ ಸೀರೆಯನ್ನು ನೀರಲ್ಲಿ ಅದ್ದಿ ಇಳಿಬಿಟ್ಟಿದ್ದೆ. ಸಂಜೆ ಹಿಂಡಿದರೆ ಕೆಂಪು ನೀರು ಇಳಿಯುತ್ತಿತ್ತು.

ಆ ಸುಗ್ಗಿ ಹೆಚ್ಚು ದಿನ ಉಳಿಯಲಿಲ್ಲ. ಅಕ್ಷರ ಕತ್ತರಿಸಿ ಅಂಟಿಸಿಕೊಡುವ ಸ್ಟಿಕರ್ ಅಂಗಡಿಗಳು ಬಂದವು, ಲಾರಿಯವರು ಅತ್ತ ಹೋದರು. ಹಿಂದೆಯೇ ಫ್ಲೆಕ್ಸ್ ಬಂತು. ನನ್ನ ಅಂಗಡಿಯ ಮಾಲೀಕ ನಡುವೆ ಗೋಡೆ ಎಬ್ಬಿಸಿ ಅರ್ಧ ಜಾಗವನ್ನು ಫ್ಲೆಕ್ಸ್ ಮಷೀನಿನವನಿಗೆ ಕೊಟ್ಟ. ಈಚೆ ನಾನು ಒಂದು ಮುಖದ ಕೆನ್ನೆ ತಿದ್ದುವಷ್ಟರಲ್ಲಿ ಆಚೆ ಆ ಮಷೀನು ಒಂದು ಇಡೀ ಸಂಘದ ಪದಾಧಿಕಾರಿಗಳನ್ನೆಲ್ಲ ಉಗುಳಿಬಿಡುತ್ತಿತ್ತು. ನನ್ನ ಹಳೆಯ ಗಿರಾಕಿಗಳು ನನಗೊಂದು ನಮಸ್ಕಾರ ಹಾಕಿ ಪಕ್ಕದ ಬಾಗಿಲಿಗೆ ಹೋಗುತ್ತಿದ್ದರು. ನಮಸ್ಕಾರವನ್ನಾದರೂ ಯಾಕೆ ಹಾಕುತ್ತಿದ್ದರೋ.

ಅಂಥ ದಿನಗಳಲ್ಲೇ ಒಬ್ಬ ಗಣಿ ಧಣಿ ನನ್ನನ್ನು ಹುಡುಕಿಕೊಂಡು ಬಂದ. ಸಂಡೂರು ಕಡೆಯ ಹಳ್ಳಿಯವನು. ಮೊದಲು ಕಂಪ್ಲಿಯಲ್ಲಿ ಭತ್ತದ ವ್ಯಾಪಾರ ಮಾಡಿಕೊಂಡಿದ್ದನಂತೆ. ಈಗ ಹೊಸಪೇಟೆಯಲ್ಲಿ ದೊಡ್ಡ ಮನೆ ಕಟ್ಟಿಸುತ್ತಿದ್ದ.

"ಆರ್ಟಿಸ್ಟ್ರ, ಹಾಲಿನ ಗ್ವಾಡಿ ತುಂಬ ನಮ್ಮೂರ ಗುಡ್ಡ ಬರೀಬೇಕ್ರಿ. ಫೋಟೋ ಬ್ಯಾಡ, ಫ್ಲೆಕ್ಸ್ ಬ್ಯಾಡ. ಕೈಲೆ ಬರ್ದಿದ್ದು ಬೇಕು" ಅಂದ.

ಆ ಕೊನೆಯ ಮಾತಿಗೆ ನಾನು ಕರಗಿಹೋದೆ. ಆ ಗುಡ್ಡ ನನಗೆ ಚೆನ್ನಾಗಿ ಗೊತ್ತಿತ್ತು, ಲಾರಿ ಕೆಲಸ ಶುರುವಾದ ಮೇಲೆ ಮಾತ್ರ ಆ ಕಡೆ ಹೋಗಿರಲಿಲ್ಲ. ಅಟ್ಟಣಿಗೆ ಕಟ್ಟಿಸಿ ಹತ್ತಿ, ಮಳೆ ಬಿದ್ದ ಮೇಲಿನ ಹಸಿರನ್ನು ಬರೆದೆ, ನೆತ್ತಿಗೆ ತಾಗಿದ ಮೋಡ ಬರೆದೆ. ಗುಡ್ಡದ ಸೊಂಟದಲ್ಲಿ ಬೇವಿನ ಮರದ ಕೆಳಗೊಂದು ಪುಟ್ಟ ಗುಡಿ ಇತ್ತು, ಅಮ್ಮನದು. ಅದನ್ನೂ ಬರೆದೆ. ಅಷ್ಟು ಸುಖವಾಗಿ ನಾನು ಆಮೇಲೆ ಯಾವ ಕೆಲಸವನ್ನೂ ಮಾಡಿಲ್ಲ.

ಕೆಲಸ ಮುಗಿದ ದಿನ ಧಣಿ ಬಂದು ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದ.

"ಭಾಳ ಚಂದ ಬರ್ದೀರಿ. ಆದ್ರ ಗುಡ್ಡ ಈಗ ಹಿಂಗಿಲ್ಲಲ್ರಿ."

"ಮಳಿ ಬಿದ್ದ ಮ್ಯಾಲ ಹಿಂಗ ಇರ್ತಿತ್ರಿ ಧಣೇರ. ನಾನ ನೋಡೀನಿ."

"ಇರ್ತಿತ್ತು. ಈಗ ನಮ್ಮ ಮೈನ್ಸ್ ಐತಲ್ರಿ ಅಲ್ಲಿ. ಮೆಟ್ಲು ಮೆಟ್ಲು ಕಡ್ದೀವಲ್ಲ, ಅದು ಬರಬೇಕು. ಎರಡ್ಮೂರು ಮಷೀನು ಹಾಕ್ರಿ. ಮನಿಗೆ ಬಂದೋರಿಗೆ ಗೊತ್ತಾಗ್ಬೇಕು, ನಾವೇನು ಮಾಡೀವಿ ಅಂತ."

ನನ್ನ ಮುಖ ನೋಡಿ ಅವನಿಗೇನನ್ನಿಸಿತೋ, ಮರುದಿನ ತನ್ನ ಗಾಡಿಯಲ್ಲೇ ನನ್ನನ್ನು ಸಂಡೂರಿಗೆ ಕಳಿಸಿದ. ಗುಡ್ಡಕ್ಕೆ ನೆತ್ತಿ ಇರಲಿಲ್ಲ. ಸೊಂಟವೂ ಇರಲಿಲ್ಲ. ಬೇವಿನ ಮರ ಎಲ್ಲಿತ್ತು ಎಂದು ಅಂದಾಜು ಮಾಡಲು ನೋಡಿದೆ, ಅಂದಾಜಿಗೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ಡ್ರೈವರ್ ನೀರಿನ ಬಾಟಲಿ ನನ್ನ ಕೈಗಿಟ್ಟ.

ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅವರ ಗ್ವಾಡಿ, ಅವರ ಗುಡ್ಡ. ನಿಮಗ್ಯಾಕ ಸಿಟ್ಟು?"

"ಗುಡ್ಡ ಹೆಂಗ ಅವರದಾಕೈತಿ?"

"ಆಗೇತಲ್ಲ" ಅಂದಳು.

ಹೋಗಿ ಬರೆದೆ. ಕಬ್ಬಿಣದ ಗೇಟುಗಳಿಗೆ ಹಚ್ಚುವ ಕೆಂಪನ್ನೇ ಕಲಸಿಕೊಂಡು ಹಸಿರಿನ ಮೇಲೆ ಎಳೆದೆ. ಗುಡಿ ಒಂದೇ ಬೀಸಿಗೆ ಮುಚ್ಚಿಹೋಯಿತು. ಕೆಟ್ಟದಾಗಿ ಬರೆದು ಸೇಡು ತೀರಿಸಿಕೊಳ್ಳೋಣ ಎಂದುಕೊಂಡಿದ್ದೆ, ಅದೂ ಕೈಲಾಗಲಿಲ್ಲ. ಸಿಟ್ಟಿನಲ್ಲೂ ಮೆಟ್ಟಿಲುಗಳ ನೆರಳು ಸರಿಯಾದ ಕಡೆಗೇ ಬಿತ್ತು, ಮಷೀನುಗಳು ಇನ್ನೇನು ಅಲುಗಾಡುತ್ತವೆ ಎಂಬಂತೆ ಕಂಡವು.

ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದ. ಹೊಸ ಶಾಲು ಹೊದಿಸಿ ಚಿತ್ರದ ಪಕ್ಕದಲ್ಲಿ ನಿಲ್ಲಿಸಿದ. ಬಂದವರೆಲ್ಲ ಗೋಡೆಗೆ ಬೆರಳು ತೋರಿಸಿ ಯಾವ ಮೆಟ್ಟಿಲಲ್ಲಿ ಎಂಥ ಅದಿರು ಸಿಕ್ಕಿತೆಂದು ಮಾತಾಡುತ್ತಿದ್ದರು. ಆಗ ಧಣಿಯ ತಾಯಿ ನಿಧಾನವಾಗಿ ಬಂದು ಚಿತ್ರದ ಎದುರು ನಿಂತಳು. ಮಾಸಿದ ಇಳಕಲ್ ಸೀರೆಯ ಮುದುಕಿ. ಬಹಳ ಹೊತ್ತು ನೋಡಿ ನನ್ನನ್ನೇ ಕೇಳಿದಳು: "ಇಲ್ಲೊಂದು ಗುಡಿ ಇತ್ತಲ್ಲಪಾ, ಎಲ್ಲಿ ಹೋತು?"

ನಾನು ಬಾಯಿ ತೆರೆಯುವ ಮೊದಲೇ ಮಗ ನಕ್ಕ. "ಯವ್ವಾ, ಅದಕ್ಕಿಂತ ದೊಡ್ಡದು ಕಟ್ಟಿಸಿ ಕೊಡ್ತೀನಿ ತಗಾ. ಮಾರ್ಬಲ್ ಹಾಕಿಸಿ."

ಕೆಲವು ದಿನ ಕಳೆದು ಆ ತಾಯಿ ಒಬ್ಬಳೇ ಕಾರಿನಲ್ಲಿ ನನ್ನ ಸ್ಟುಡಿಯೋಕ್ಕೆ ಬಂದಳು. ಒದ್ದೆ ಸೀರೆಯನ್ನು ಸರಿಸಿಕೊಂಡು ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

"ತಮ್ಮಾ, ಆ ಗುಡಿ ಒಂದ ಬರ್ದು ಕೊಡ್ತೀಯೇನು? ಸಣ್ಣದು ಸಾಕು."

ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಬಾಗಿಲು ಬಗ್ಗಿ ಹೋಗುವಷ್ಟು ಗಿಡ್ಡ. ಕಲ್ಲು ಎಣ್ಣೆ ಕುಡಿದು ಕಪ್ಪು. ಎಡಕ್ಕೆ ತಂಗಡಿ ಗಿಡ, ಹೂವಿದ್ದಾಗ ಹಳದಿಯೋ ಹಳದಿ. "ಮದುವಿ ಆಗಿ ಬಂದಾಗ ನನಗ ಉಡಿ ತುಂಬಿದ್ದು ಅಲ್ಲೇ. ಇವನ ಜವಳ ತೆಗ್ಸಿದ್ದೂ ಅಲ್ಲೇ. ಅತ್ತೂ ಅತ್ತೂ ಗುಡ್ಡ ಎಬ್ಬಿಸಿಬಿಟ್ಟಿದ್ದ" ಎಂದು ಮಗನನ್ನು ನೆನೆದು ನಕ್ಕಳು. ಆಚೆ ಮಷೀನು ಗುಂಯ್‌ಗುಡುತ್ತಿತ್ತು, ಅವಳ ಮಾತು ಕೇಳಲು ಹತ್ತಿರ ಬಾಗಬೇಕಾಗಿತ್ತು.

ಚಿತ್ರ ಮುಗಿದಾಗ ಕೈಮುಗಿದಳು. ಮನೆಗೆ ಮಾತ್ರ ಒಯ್ಯಲಿಲ್ಲ.

"ಮನ್ಯಾಗ ಇಟ್ರ ಅವನಿಗೆ ಹಂಗಿಸಿದಂಗ ಆಕೈತಿ. ನಿನ್ನ ಹಂತೇಕ ಇರ್ಲಿ. ನಾನ ಬಂದು ನೋಡಿ ಹೋಕ್ಕೀನಿ."

ಹಾಗೇ ಬರುತ್ತಿದ್ದಳು. ಸ್ವಲ್ಪ ಹೊತ್ತು ಕೂತು, ಚಹಾ ಬ್ಯಾಡ ಅಂದು, ಹೋಗುತ್ತಿದ್ದಳು. ಆಮೇಲೆ ಬರುವುದು ನಿಂತಿತು. ಕಾಯಿಲೆ ಇರಬೇಕು ಎಂದುಕೊಂಡೆ. ಹೋಗಿ ವಿಚಾರಿಸಲು ಆ ಮನೆಯ ಗೇಟು ದಾಟುವ ಮನಸ್ಸಾಗಲಿಲ್ಲ.

ಒಂದು ಬೆಳಿಗ್ಗೆ ಧಣಿ ಪಕ್ಕದ ಫ್ಲೆಕ್ಸ್ ಅಂಗಡಿಗೆ ಬಂದ. ತಾಯಿ ತೀರಿಕೊಂಡಿದ್ದಳು. ಶ್ರದ್ಧಾಂಜಲಿಯ ಬ್ಯಾನರುಗಳು ಬೇಕಾಗಿದ್ದವು, ಊರಿನ ಪ್ರತಿ ಸರ್ಕಲ್ಲಿಗೂ ಒಂದು. ಮಷೀನು ಅವಳ ಮುಖವನ್ನು ಇಂಚಿಂಚೇ ಹೊರಗೆ ತಳ್ಳುತ್ತಿರುವಾಗ ಅವನು ಕಾಯಲಾರದೆ ನನ್ನ ಕಡೆ ಬಂದು ಕೂತ. ಅವಳು ಕೂರುತ್ತಿದ್ದ ಸ್ಟೂಲಿನ ಮೇಲೇ. ಕಣ್ಣು ಕೆಂಪಾಗಿದ್ದವು. ಎದುರಿಗಿದ್ದ ಚಿತ್ರ ನೋಡಿದ.

"ಚಂದ ಐತ್ರಿ. ಯಾವೂರ ಗುಡಿ ಇದು?"

"ಸಂಡೂರ ಕಡೇದು."

"ಹೌದೇನು? ಅಲ್ಲಿ ಇಂಥಾವು ಇನ್ನೂ ಅದಾವೇನ್ರಿ?"

ಹೇಳಬಹುದಿತ್ತು. ಹೇಳಿದ್ದರೆ ಅವನು ಅಲ್ಲೇ ಕುಸಿದು ಅಳುತ್ತಿದ್ದ, ಅತ್ತು ಹಗುರಾಗುತ್ತಿದ್ದ. ಆ ಹಗುರವನ್ನು ನನ್ನ ಕೈಯಿಂದ ಅವನಿಗೆ ಕೊಡಬಾರದು ಅನ್ನಿಸಿತು. "ಗೊತ್ತಿಲ್ರಿ" ಅಂದೆ. ಕೊಳ್ಳುತ್ತೇನೆ ಅಂದ. ಮಾರುವುದಿಲ್ಲ ಅಂದೆ. ಅಷ್ಟರಲ್ಲಿ ಬ್ಯಾನರು ತಯಾರಾಯಿತೆಂದು ಕರೆ ಬಂತು, ಎದ್ದು ಹೋದ.

ಅದರ ಮರುವರ್ಷ ಮಾಲೀಕ ಉಳಿದರ್ಧವನ್ನೂ ಫ್ಲೆಕ್ಸಿನವನಿಗೇ ಕೊಟ್ಟ. ನಾನು ಮಲಪನಗುಡಿಯ ನಮ್ಮ ಮನೆಯ ಪಡಸಾಲೆಗೆ ಬಣ್ಣದ ಡಬ್ಬಿಗಳನ್ನೂ ಆ ಗುಡಿಯ ಚಿತ್ರವನ್ನೂ ಸಾಗಿಸಿದೆ. ಮುಂದೆ ಕೋರ್ಟಿನ ಆದೇಶದಿಂದ ಗಣಿಗಳು ನಿಂತು ಲಾರಿಗಳು ಜಾಲಿಕಂಟಿಯಲ್ಲಿ ತುಕ್ಕು ಹಿಡಿದಾಗ, ನಿನಗೆ ಖುಷಿಯಾಗಿರಬೇಕಲ್ಲ ಎಂದು ಒಬ್ಬಿಬ್ಬರು ಕೇಳಿದರು. ಖುಷಿ ಎಲ್ಲಿಯದು? ನಿಂತದ್ದು ಅಗೆತ. ಅಗೆದದ್ದು ಯಾವುದೂ ತಿರುಗಿ ಬರಲಿಲ್ಲ, ನನ್ನ ಗಿರಾಕಿಗಳೂ.