ಎಮ್ಮಿ ಮುಂದೆ ಪದ ಕಟ್ಟಿದ್ದು

ಭಾಷಾಶಾಸ್ತ್ರದ ಮೇಡಂ ಒಬ್ಬರನ್ನು ನನ್ನ ಬಾಡಿಗೆ ಜೀಪಿನಲ್ಲಿ ಸಿಂದಗಿಯಿಂದ ತಾಂಬಾ ಎಂಬ ಹಳ್ಳಿಗೆ ಕರೆದೊಯ್ದಿದ್ದೆ. ಶಾಂತವ್ವಜ್ಜಿಯ ಕಟ್ಟೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಅವರು ವಿವರಿಸಿದರು: "'ಎಮ್ಮೆ' ಯಜಮಾನ ಪದ, ಅಂದರೆ ಮುಖ್ಯ ಪದ. ಅದರ ಮುಂದೆ 'ಕರಿ' ಸೇರಿಸಿದರೆ 'ಕರಿ ಎಮ್ಮೆ'. ಆ ಜೋಡಿಗೆ ಮತ್ತೊಂದು, ಅದಕ್ಕೆ ಇನ್ನೊಂದು. ಎಷ್ಟಾದರೂ ಕಟ್ಟಬಹುದು."

"ಕಟ್ಟತೇನ್ರಿ," ಅಂದೆ. "ಹೊಲಕ್ಕ ನುಗ್ಗಿದ ಕರಿ ಎಮ್ಮಿ. ಗೌಡರ ಹೊಲಕ್ಕ ನುಗ್ಗಿದ ಕರಿ ಎಮ್ಮಿ. ಶಾಂತವ್ವ ಸಾಕಿದ..."

"ಅಯ್ಯ, ನನ್ನ ಎಮ್ಮಿನ್ನ ತುಡುಗು ದನಾ ಕೂಡಿಹಾಕೊ ಕೊಂಡವಾಡಕ್ಕ ಹೊಡದ್ರೇನೋ!" ಎಂದು ಅಜ್ಜಿ ಹಿತ್ತಲಿಗೆ ಓಡಿದಳು. ಎಮ್ಮೆ ಗೂಟದಲ್ಲೇ ಮೆಲುಕು ಹಾಕುತ್ತಿತ್ತು. ಬಾರಕೋಲು ಹಿಡಿದು ತಿರುಗಿ ಬಂದಳು.

"ಅಜ್ಜಿ, ಅದು ಬರೀ ಉದಾಹರಣೆ," ಅಂದರು ಮೇಡಂ.

"ನಂದೂ ಒಂದು ಬರಕೊಳ್ರಿ. ಡ್ರೈವರ. ಸುಳ್ಳ ಡ್ರೈವರ. ನನ್ನ ಕೈಯಾಗ ಏಟು ತಿನ್ನೊ ಸುಳ್ಳ ಡ್ರೈವರ!"

ಮೇಡಂ ಖುಷಿಯಿಂದ ಬರೆದುಕೊಂಡರು. ಅಜ್ಜಿ ಪದ ಕಟ್ಟಿದ್ದರಲ್ಲಿ ಒಂದೂ ತಪ್ಪಿರಲಿಲ್ಲವಂತೆ. ನನಗೆ ಏಟು ಎರಡೇ ಬಿದ್ದವು. ಸಿಂದಗಿಯಲ್ಲಿ ಹೇಳುವಾಗ ಒಂದೂ ಬಿದ್ದಿಲ್ಲ ಎನ್ನುತ್ತೇನೆ.