ಅಪ್ಪ ಭತ್ತಕ್ಕೆ ಹಸು ಬಿಟ್ಟರು

"ಏನವ್ವಾ, ನಿನ್ನ ಡಿಗ್ರಿ ಓದ್ಸಿದ್ದು ಯಾತಕ್ಕೆ? ಒಂದು ಫೋನ್ ಮಾಡಕ್ಕಾಗಲ್ವಾ?"

ಹೋದ ವಾರ ಅಪ್ಪ ಹೀಗೆ ರೇಗಿದರು. ನಮ್ಮ ನಾಲೆ ನೋಡಿಕೊಳ್ಳುವ ಎಂಜಿನಿಯರ್ ನನ್ನ ಕಾಲೇಜಿನ ಗೆಳೆಯ. ಅವನಿಗೆ ಹೇಳಿ, ರಾಗಿಗೆ ಮೊದಲು ಎಂಬ ಈ ಸಲದ ಸರದಿ ತಪ್ಪಿಸಿ ನಮ್ಮ ಭತ್ತದ ಗದ್ದೆಗೆ ಮೊದಲು ನೀರು ಬಿಡಿಸಬೇಕಂತೆ. ಅಷ್ಟೇ!

ಈ ವರ್ಷ ಕಬಿನಿ ಅಣೆಕಟ್ಟೆ ತುಂಬಿಲ್ಲ. ಭತ್ತ ಹಾಕಬೇಡಿ, ರಾಗಿ ಹಾಕಿ ಎಂದು ನೀರಾವರಿ ಇಲಾಖೆಯವರು ಆಟೋದಲ್ಲಿ ಮೈಕ್ ಕಟ್ಟಿಕೊಂಡು ಸಾರಿದ್ದರು. ಅಪ್ಪ ಕೇಳಿದರೆ ತಾನೆ? "ವೈನಾಡ್ ಕಡೆ ಮೋಡ ಕಟ್ಟಿತ್ತು ಕಣವ್ವ, ಅಲ್ಲಿ ಮಳೆ ಉಯ್ದ್ರೆ ನಮ್ ಡ್ಯಾಮ್ ತುಂಬ್ತದೆ" ಎಂದು ನಾಟಿ ಮಾಡೇಬಿಟ್ಟರು. (ವೈನಾಡಿನ ಮೋಡ ನಂಬಿ ಕೆಟ್ಟವರು ನಮ್ಮ ಕಡೆ ಇವರೊಬ್ಬರೇ ಅಲ್ಲ.)

ನಾನು ಆಗಲ್ಲ ಎಂದೆ. ಅಪ್ಪ ಫೋನ್ ಕುಕ್ಕಿದರು. ಮನಸ್ಸು ತಡೆಯದೆ ಭಾನುವಾರ ನಂಜನಗೂಡಿನಿಂದ ಹೆಮ್ಮರಗಾಲದ ಬಸ್ ಹಿಡಿದೆ.

ಊರಲ್ಲಿ ನಾಲೆ ಏರಿಯ ಮೇಲೆ ಪಂಚಾಯ್ತಿ ನಡೆದಿತ್ತು. ನೀರು ಬರುವುದು ಒಂದೇ ಸರದಿ. ನಮ್ಮದು ತೂಬಿನ ಪಕ್ಕದ ಮೊದಲ ಗದ್ದೆ, ಮಾದಪ್ಪಣ್ಣನದು ಕಟ್ಟಕಡೆಯದು. ಅವನ ರಾಗಿ ತೆನೆ ಕಟ್ಟುವ ಹೊತ್ತು. ಒಂದು ಸಲ ನೆಲ ನೆನೆದರೆ ಬೆಳೆ, ಇಲ್ಲದಿದ್ದರೆ ಬರೀ ಹುಲ್ಲು. ಈ ಸಲ ನೀರು ಕೊನೆಯಿಂದ ಮೇಲಕ್ಕೆ ಬರಲಿ, ಭತ್ತಕ್ಕೆ ಉಳಿದರೆ ಕೊಡೋಣ ಎಂದು ಊರು ತೀರ್ಮಾನಿಸಿತು.

ಮಾದಪ್ಪಣ್ಣ ನನ್ನನ್ನು ನೋಡಿದ್ದೇ ತಡ, "ಓದಿರೋ ಮಗ್ಳು ಬಂದವ್ಳೆ. ಇನ್ನು ತೂಬು ಅವ್ರ ಗದ್ದೆಗೇ ತಿರುಗ್ತದೆ ಬುಡ್ರಪ್ಪ" ಎಂದ.

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಟವೆಲ್ ಕೊಡವಿ ಎದ್ದು ಹೊರಟರು.

ಹಿಂದೆಯೇ ಓಡಿದೆ. ನೋಡಿದರೆ ಅಪ್ಪ ಕೊಟ್ಟಿಗೆಯ ಹಸುಗಳನ್ನೆಲ್ಲ ಬಿಚ್ಚಿ ಹಸಿರು ಭತ್ತದೊಳಕ್ಕೆ ಅಟ್ಟುತ್ತಿದ್ದಾರೆ! ಆ ಗದ್ದೆಯ ಭತ್ತ ತಾನೆ ನನ್ನ ಹಾಸ್ಟೆಲ್ ಫೀಸ್ ಕಟ್ಟಿದ್ದು? ಅವ್ವ ಬಾಯಿ ಬಡಿದುಕೊಂಡರು. "ನಿಮ್ಗೇನು ಬುದ್ಧಿ ಕೆಟ್ಟದಾ?"

"ಪೈರು ಕಣ್ಮುಂದೆ ಇದ್ರೆ ಕೈ ಸುಮ್ನಿರಲ್ಲ ಕಣಮ್ಮಿ" ಎಂದರು ಅಪ್ಪ. "ನೀರು ಪಕ್ಕದಲ್ಲೇ ಅರ್ಕೊಂಡು ಓಗ್ತಾ ಇದ್ರೆ ನಾನೇ ಗುದ್ದಲಿ ತಗೊಂಡು ಕಾಲ್ವೆ ಒಡದ್ಬುಡ್ತೀನಿ. ನನ್ನ ಬುದ್ಧಿ ನನಗೊತ್ತಿಲ್ವಾ?"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಸುಗಳಿಗೆ ಮಾತ್ರ ಹಬ್ಬ.

ಮಾರನೆಯ ದಿನ ನೀರು ನಮ್ಮ ಗದ್ದೆಯ ಮಗ್ಗುಲಲ್ಲೇ ಹಾದು ಕೆಳಕ್ಕೆ ಹೋಯಿತು. ಮಧ್ಯೆ ಒಬ್ಬರೂ ಒಡ್ಡು ಮುರಿಯಲಿಲ್ಲ. ಮೊದಲನೆಯವನೇ ಬಿಟ್ಟಮೇಲೆ ನಡುವಿನವರಿಗೆ ಯಾವ ಮುಖ? ಮಾದಪ್ಪಣ್ಣನ ರಾಗಿ ಬುಡ ನೆನೆಯಿತು.

ಸಂಜೆ ಅವನೇ ಮನೆಗೆ ಬಂದ. ಜಗಲಿಯ ತುದಿಯಲ್ಲಿ ಕೂತು, ನೆಲ ನೋಡುತ್ತಾ, "ಒಕ್ಕಣೆ ಆಗ್ಲಿ ಕಣಣ್ಣ. ಒಂದ್ ಗಾಡಿ ರಾಗಿ ಉಲ್ಲು ಕಳಿಸ್ತೀನಿ" ಎಂದ.

"ನಿನ್ ಉಲ್ಲು ಯಾರ್ಗ್ ಬೇಕ್ಲಾ? ನನ್ನ ಅಸ ಭತ್ತ ತಿಂದವೆ!"

ಇಬ್ಬರೂ ಕೆಮ್ಮು ಬರುವಷ್ಟು ನಕ್ಕರು. ನಾನು ಒಳಗೆ ಹೋಗಿ ಕಾಫಿಗೆ ಇಟ್ಟೆ. ಯೂನಿವರ್ಸಿಟಿಯಲ್ಲಿ ಪದವಿ ತಗೊಂಡ ದಿನವೂ ನನ್ನ ಎದೆ ಇಷ್ಟು ಉಬ್ಬಿರಲಿಲ್ಲ ಕಣ್ರೀ.

ನಿಜ ಹೇಳಿ, ತೂಬಿನ ಪಕ್ಕದ ಮೊದಲ ಗದ್ದೆ ನಿಮ್ಮದಾಗಿದ್ದರೆ, ನೀವು ಹಸು ಬಿಚ್ಚುತ್ತಿದ್ದಿರಾ?