ಎರಡೂ ಆಕೀವು

ಇಪ್ಪತ್ತೆರಡು ವರ್ಷ ಬೀರು ಕುಡಿದವನಿಗೆ ಬೀರಿನ ಬಣ್ಣ ಸರಿಯಾಗಿ ಗೊತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬಾಟಲಿ ಕಂದು, ಲೋಟ ಸ್ಟೀಲಿನದು, ಕಿಟಕಿಗೆ ದಪ್ಪನೆಯ ಪರದೆ. ಇಷ್ಟರ ನಡುವೆ ಬಣ್ಣ ನೋಡುವುದೆಲ್ಲಿ ಬಂತು? ರುಚಿ ಗೊತ್ತಿತ್ತು, ನೊರೆ ಮೂಗಿನ ತುದಿಗೆ ಹತ್ತುವುದು ಗೊತ್ತಿತ್ತು, ತೇಗು ಬಂದಾಗ ಕೆಮ್ಮಿ ಮುಚ್ಚಿಹಾಕುವುದೂ ಗೊತ್ತಿತ್ತು. ಬಣ್ಣ ಮಾತ್ರ ಸಿನಿಮಾದಲ್ಲಿ ಬೇರೆಯವರು ಕುಡಿಯುವಾಗ ಕಂಡದ್ದು.

ಕುಡಿಯುವವರು ನಾನು ಮತ್ತು ನನ್ನ ಹೆಂಡತಿ ಸುಮಂಗಲಾ. ನನ್ನದು ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ. ಹೆಸರು ಕೊಟ್ರೇಶ. ನಮ್ಮ ಬಜಾರಿನಲ್ಲಿ ನಿಂತು ಈ ಹೆಸರು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ, ಆದ್ದರಿಂದ ಗುರುತು ಹಿಡಿದೀರಿ ಎಂಬ ಭಯ ನನಗಿಲ್ಲ. ಸುಮಂಗಲಾ ಹಗರಿಬೊಮ್ಮನಹಳ್ಳಿಯಲ್ಲಿ ವಿಜ್ಞಾನದ ಟೀಚರು. ಮದುವೆಯಾದ ಮೂರನೆಯ ವರ್ಷ ಆಕೆಗೆ ಮೂತ್ರಪಿಂಡದಲ್ಲಿ ಹರಳಾಯಿತು. ಡಾಕ್ಟರು ಬಾರ್ಲಿ ನೀರು ಕುಡಿಯಲು ಹೇಳಿದರು. ಅಂಗಡಿಗೆ ಬಂದ ಗಿರಾಕಿಯೊಬ್ಬರು, ಬೀರೂ ಬಾರ್ಲಿಯದೇ ಅಲ್ಲವೇ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದರು. ಹರಳು ತನ್ನ ಪಾಡಿಗೆ ತಾನು ಹೋಯಿತು. ಅದಕ್ಕೂ ಬೀರಿಗೂ ಸಂಬಂಧವಿಲ್ಲವೆಂದು ವಿಜ್ಞಾನದ ಟೀಚರಿಗೆ ಗೊತ್ತಿಲ್ಲದೆ ಏನಿಲ್ಲ. ಆದರೂ ಬೀರು ನಮ್ಮ ಮನೆಯಲ್ಲಿ ಉಳಿದುಕೊಂಡಿತು, ಶನಿವಾರಕ್ಕೊಮ್ಮೆ, ಇಬ್ಬರಿಗೆ ಸೇರಿ ಒಂದೇ ಬಾಟಲಿ.

ಇಷ್ಟು ಚಿಕ್ಕ ಸುಖಕ್ಕೆ ಪರದೆ ಯಾಕೆ ಎಂದರೆ ಅವ್ವ. ಅವ್ವ ನಮ್ಮ ಜೊತೆಗೇ ಇದ್ದಾಳೆ, ಎಂಬತ್ತರ ಹತ್ತಿರವಾದರೂ ಮೆಟ್ಟಿಲು ಹತ್ತಿಳಿಯುತ್ತಾಳೆ. ಹಿರೇಹಡಗಲಿಯಲ್ಲಿದ್ದ ಅವಳ ಅಣ್ಣ ಕುಡಿದು ಕುಡಿದೇ ತೀರಿಕೊಂಡ. ನನಗೆ ಮೀಸೆ ಮೂಡುವ ಹೊತ್ತಿಗೆ ಅವ್ವ ನನ್ನನ್ನು ಎದುರು ಕೂರಿಸಿಕೊಂಡು, ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿ, ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದ್ದಳು. ಅದು ನೆನಪಾದಾಗೆಲ್ಲ ನನಗೆ ನಿಜವಾಗಿಯೂ ನಾಚಿಕೆಯಾಗುತ್ತದೆ. ನಾವು ಶನಿವಾರ ಬಾಗಿಲು ಹಾಕಿಕೊಂಡು ಕುಡಿಯುವುದು ಬಾರ್ಲಿ ನೀರು ಎಂದೇ ಅವಳು ತಿಳಿದಿದ್ದಳು.

ಬೀರು ತರುವುದೂ ಸುಲಭವಲ್ಲ. ಕೊಟ್ಟೂರಿನ ಮರ್ಯಾದಸ್ಥ ಕೊಟ್ಟೂರಿನಲ್ಲಿ ಕೊಳ್ಳುವುದಿಲ್ಲ, ಹಗರಿಬೊಮ್ಮನಹಳ್ಳಿಗೆ ಹೋಗುತ್ತಾನೆ. ಅಲ್ಲಿಯವರು ಕೂಡ್ಲಿಗಿಗೆ ಹೋಗುತ್ತಾರೆ. ಕೂಡ್ಲಿಗಿಯವರು ಹರಪನಹಳ್ಳಿಗೆ, ಹರಪನಹಳ್ಳಿಯವರು ಹಡಗಲಿಗೆ. ಹಡಗಲಿಯವರು ಎಲ್ಲಿಗೆ ಹೋಗುತ್ತಾರೆಂದು ನನಗೆ ತಿಳಿದಿರಲಿಲ್ಲ. ಒಮ್ಮೆ ಹಗರಿಬೊಮ್ಮನಹಳ್ಳಿಯ ಅಂಗಡಿಯ ಮುಂದೆ ಹಡಗಲಿಯ ಪರಿಚಯಸ್ಥರೊಬ್ಬರು ಎದುರಾದಾಗ ತಿಳಿಯಿತು. ಇಬ್ಬರೂ ಒಟ್ಟಿಗೇ ಒಂದೊಂದು ಸೋಡಾ ಕೇಳಿ, ಬಿಸಿಲಿನ ಬಗ್ಗೆ ಮಾತಾಡಿ, ಬೇಡವಾದ ಸೋಡಾ ಕುಡಿದು ಬರಿಗೈಲಿ ವಾಪಸಾದೆವು.

ಇದರಲ್ಲಿ ಅಷ್ಟೊಂದು ಅಂಜುವಂಥದ್ದೇನಿದೆ ಎಂದು ನಾನು ಆಗಾಗ ಯೋಚಿಸಿದ್ದೇನೆ. ಪಿರಮಿಡ್ಡು ಕಟ್ಟಿದ ಆಳುಗಳಿಗೆ ಊಟದ ಜೊತೆ ಬೀರನ್ನೂ ಅಳೆದು ಕೊಡುತ್ತಿದ್ದರಂತೆ. ಅಷ್ಟು ದೂರ ಯಾಕೆ, ಬೇಸಿಗೆಯಲ್ಲಿ ಅವ್ವ ಗಡಿಗೆಯಲ್ಲಿ ಹುಳಿ ಬರಿಸುವ ಜೋಳದ ಅಂಬಲಿಯನ್ನೇ ನೋಡಿ. ಕಾಳು, ನೀರು, ಸೆಕೆ, ಗುಳುಗುಳು ಸದ್ದು. ಇನ್ನೆರಡು ದಿನ ಮರೆತರೆ ಅದು ಯಾವ ಜಾತಿಗೆ ಸೇರುತ್ತದೋ ಯಾರು ಬಲ್ಲರು? ಈ ವಾದವನ್ನು ಅವ್ವನ ಮುಂದೆ ಹೂಡುವ ಎದೆಗಾರಿಕೆ ಇರಲಿಲ್ಲವಾದ್ದರಿಂದ ಸುಮಂಗಲಾಳ ಮುಂದೆಯೇ ಹೂಡುತ್ತಿದ್ದೆ.

ಒಂದು ಶನಿವಾರ ಆಕೆ ನನ್ನ ವಾದವನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿದಳು, "ಅದೆಲ್ಲಾ ಇರ್ಲಿ. ಒಂದಿನ ಅತ್ತಿ ಕೈಯಾಗ ಸಿಕ್ಕಬಿದ್ರ ಏನ್ ಹೇಳ್ತೀರಿ?"

ನಾನು ಎದೆಯುಬ್ಬಿಸಿ, "ನಾನೊಬ್ನ ಕುಡಿಯೋದು, ಆಕಿ ಸುಮ್ನ ಕುಂತಾಳ ಅಂತೀನಿ. ನಿನ್ನ ಹೆಸರು ಬರಾಕ ಬಿಡ್ತೀನೇನು?" ಎಂದೆ.

"ಹಂಗ ಅನ್ನಬ್ಯಾಡ್ರಿ," ಎಂದಳು ಆಕೆ, ನಗದೆ. "ಇಬ್ರೂ ಅನ್ರಿ. ಗಂಡ ಕುಡದ ಅಂದ್ರ ಮಂದಿ ನಾಕ ದಿನ ಆಡ್ಕೊಂತಾರ. ಹೆಂಡ್ತಿ ಅಂದ್ರ ಸಾಯೋತನಾ. ಇಬ್ರೂ ಅಂದ್ರ ನಾ ಒಬ್ಬಾಕಿ ಇರೋದಿಲ್ಲ ನೋಡ್ರಿ."

ನಾನು ಮಾತು ಕೊಟ್ಟೆ. ಸ್ಟೀಲಿನ ಲೋಟದ ಮೇಲೆ ಕೈ ಇಟ್ಟು ಕೊಟ್ಟೆ. ಆಣೆಗಳ ವಿಷಯದಲ್ಲಿ ನನ್ನ ಚರಿತ್ರೆ ನಿಮಗೆ ಈಗಾಗಲೇ ಗೊತ್ತಿದೆ.

ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ನಾವು ಯುರೋಪ್ ಪ್ರವಾಸ ಹೊರಟೆವು. ದಾವಣಗೆರೆಯ ಹಾಸ್ಟೆಲಿನಲ್ಲಿದ್ದ ಮಗಳು ರಜೆಗೆ ಬಂದು ಅಜ್ಜಿಯ ಜೊತೆ ಇದ್ದಳು. ದಿನಾ ಸಂಜೆ ಅವ್ವನ ಮುಖ ಫೋನಿನಲ್ಲಿ ತೋರಿಸುವ ಕೆಲಸವನ್ನೂ ವಹಿಸಿಕೊಂಡಳು. ಐಫೆಲ್ ಗೋಪುರವನ್ನು ಎಲ್ಲರಂತೆ ನೋಡಿದೆವು. ಆದರೆ ನಾವಿಬ್ಬರೂ ಒಳಗೊಳಗೇ ಕಾಯುತ್ತಿದ್ದದ್ದು ಜರ್ಮನಿಗೆ. ಕೊಲೋನ್ ಎಂಬ ಊರಿನಲ್ಲಿ ತಂಡದವರೆಲ್ಲ ಅಂಗಡಿ ಸುತ್ತಲು ಹೋದ ಮಧ್ಯಾಹ್ನ, ನಾವು ಕಳ್ಳರಂತೆ ಹಿಂದೆ ಉಳಿದು ಬೀರು ಮಾರುವ ದೊಡ್ಡ ಹಜಾರವೊಂದಕ್ಕೆ ನುಗ್ಗಿದೆವು. ಒಳಗೆ ಹೋಗುವ ಮುನ್ನ, ಕೊಟ್ಟೂರಿನವರು ಯಾರಾದರೂ ಕಾಣುತ್ತಾರೋ ಎಂದು ನಾನು ರಸ್ತೆಯ ಎರಡೂ ಕಡೆ ನೋಡಿದೆನಂತೆ. ಸುಮಂಗಲಾ ಹಾಗನ್ನುತ್ತಾಳೆ.

ಒಳಗೆ ಅಜ್ಜ ಅಜ್ಜಿಯರು, ಮಕ್ಕಳು ಮರಿ, ಎಲ್ಲ ಒಂದೇ ಬೆಂಚಿನ ಮೇಲೆ ಕೂತಿದ್ದರು. ಯಾರೂ ಯಾರಿಗೂ ಅಂಜುತ್ತಿರಲಿಲ್ಲ. ನೀಲಿ ಅಂಗಿಯ ದಢೂತಿ ಮನುಷ್ಯನೊಬ್ಬ ಬಂದು, ಏನು ಬೇಕೆಂದೂ ಕೇಳದೆ, ರಟ್ಟಿನ ಎರಡು ಬಿಲ್ಲೆ ಹಾಕಿ, ಅದರ ಮೇಲೆ ಗೇಣುದ್ದದ ಎರಡು ಸಣಕಲು ಗ್ಲಾಸು ಇಟ್ಟ. ಕಿಟಕಿಯ ಬೆಳಕು ಅದರೊಳಗೆ ಬಿತ್ತು. ಸುಮಂಗಲಾ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಪ್ರಯೋಗಶಾಲೆಯಲ್ಲಿ ನೋಡಿದ ಹಾಗೆ ನೋಡಿದಳು. "ಜೇನುತುಪ್ಪ ಇದ್ದಂಗ ಐತಲ್ರೀ," ಎಂದಳು. ಆಕೆಯ ಮುಖದಲ್ಲಿ ಕಂಡ ಸಂತೋಷಕ್ಕೆ ವಿಮಾನದ ಖರ್ಚು ಸಾರ್ಥಕವಾಯಿತು ಎನ್ನಿಸಿತು.

ಗೊಂದಲ ಶುರುವಾದದ್ದು ಗ್ಲಾಸು ಖಾಲಿಯಾದ ಮೇಲೆ. ಖಾಲಿಯಾದದ್ದೇ ತಡ, ಆ ಮನುಷ್ಯ ಬಂದು ತುಂಬಿದ ಗ್ಲಾಸು ಇಟ್ಟು, ಬಿಲ್ಲೆಯ ಮೇಲೊಂದು ಗೀಟೆಳೆದು ಹೋದ. ನಾವು ಕೇಳಿರಲಿಲ್ಲ. ಕುಡಿದೆವು. ಮತ್ತೆ ಬಂದ, ಮತ್ತೆ ಇಟ್ಟ. ನಮ್ಮ ಕಡೆ ಬೀಗರ ಪಂಕ್ತಿಯಲ್ಲಿ ಕೇಳಿ ಬಡಿಸಿದರೆ ಅವಮಾನ. ಉಣ್ಣುವವನು ಒಲ್ಲೆ ಎನ್ನಬೇಕು, ಬಡಿಸುವವನು ಕೇಳಿಸದವನಂತೆ ಹೋಳಿಗೆ ಹಾಕಬೇಕು. ಇವರೂ ನಮ್ಮಂಥವರೇ ಎಂದು ನನಗೆ ಅಭಿಮಾನ ಉಕ್ಕಿತು. ಬಾಯಲ್ಲಿ "ಸಾಕ್ರಿ, ಸಾಕ್ರಿ" ಎನ್ನುತ್ತ, ಮುಖದಲ್ಲಿ ನಗುತ್ತ, ತಲೆ ಅಲ್ಲಾಡಿಸಿದೆ. ಹಾಗೆ ಅಂದರೆ ಹೋಳಿಗೆ ಬರುತ್ತದೆ ಎನ್ನುವುದು ಆಗ ನೆನಪಾಗಲಿಲ್ಲ. ಅವನು ಇನ್ನೆರಡು ಇಟ್ಟ.

ಇನ್ನೊಂದು ತೊಡಕು ನಮ್ಮದೇ. ನಮ್ಮ ಮನೆಗಳಲ್ಲಿ ಉಂಡ ತಟ್ಟೆಯಲ್ಲಿ ಒಂದಗುಳು ಬಿಡುವಂತಿಲ್ಲ. ನನ್ನ ಅಜ್ಜ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನೂ ಕುಡಿಯುತ್ತಿದ್ದರು. ನಾಲ್ಕನೆಯ ಗ್ಲಾಸಿಗೆ ನಾನು, ಅರ್ಧ ಬಿಟ್ಟು ಎದ್ದುಬಿಡೋಣ ಎಂದೆ. ಸುಮಂಗಲಾ ಒಪ್ಪಲಿಲ್ಲ. "ದಿನಾ ಸಾಲಿ ಹುಡುಗ್ರಿಗೆ ಬಿಸಿಯೂಟದಾಗ ಅಗಳು ಬಿಡಬ್ಯಾಡ್ರಿ ಅಂತ ಬಡಕೊಂತೀನಿ. ನಾ ಇಲ್ಲಿ ಬಂದು ಎಂಜಲ ಬಿಡ್ಲ್ಯಾ?" ಎಂದಳು. ಪರಿಸ್ಥಿತಿ ಏನೆಂದರೆ, ನಾವು ತುಂಬಿದ ಗ್ಲಾಸು ಬಿಡುವವರಲ್ಲ, ಅವನು ಖಾಲಿ ಗ್ಲಾಸು ಬಿಡುವವನಲ್ಲ. ಹೀಗೆ ಸಾಗಿದರೆ ತಂಡದ ಬಸ್ಸು ನಮ್ಮನ್ನು ಬಿಟ್ಟು ಹೋಗುವುದು ಖಂಡಿತವಿತ್ತು. ಅಕ್ಕಪಕ್ಕದವರು ಆರಾಮಾಗಿ ಎದ್ದು ಹೋಗುತ್ತಿದ್ದರು. ಅವರಿಗೆ ಬಿಡುಗಡೆ ಹೇಗೆ ಸಿಗುತ್ತಿದೆ ಎಂಬುದು ಆರು ಗ್ಲಾಸಾದರೂ ಇಬ್ಬರು ಪದವೀಧರರಿಗೆ ಅರ್ಥವಾಗಲಿಲ್ಲ.

ಆಗ ಅವ್ವನ ಫೋನು ಬಂತು. ಎತ್ತದಿದ್ದರೆ ಗಾಬರಿಯಾಗುತ್ತಾಳೆ. ಫೋನನ್ನು ಆದಷ್ಟು ಮೇಲೆ ಹಿಡಿದು, ನನ್ನ ಮುಖ ಮತ್ತು ಛಾವಣಿ ಮಾತ್ರ ಕಾಣುವಂತೆ ಮಾಡಿದೆ. "ಉಂಡ್ರ್ಯಾ? ಚಳಿ ಐತೇನು?" ಎಂದು ಅವ್ವ ಕೇಳುತ್ತಿರುವಾಗಲೇ ನೀಲಿ ತೋಳೊಂದು ಫೋನಿನ ಮುಂದೆ ಹಾದು ಹೋಯಿತು.

"ಅದ್ಯಾರ ಕೈಯೋ? ಏನಿಟ್ಟ ಅವ? ಫೋನ್ ಕೆಳಗ ಹಿಡಿ," ಎಂದಳು ಅವ್ವ.

ಐವತ್ತು ದಾಟಿದರೂ ಅವ್ವ ಹಿಡಿ ಎಂದರೆ ಹಿಡಿಯುವ ಕೈ ನನ್ನದು. ಕೆಳಗೆ ಹಿಡಿದೆ. ನೊರೆ ತುಂಬಿದ ಎರಡು ಗ್ಲಾಸು ಕೊಟ್ಟೂರಿನಲ್ಲಿ ಕಾಣಿಸಿದವು.

"ಬೀರಲ್ಲೇನೋ ಅದು?" ಅವ್ವ ಟೀವಿ ನೋಡುವವಳು. "ಯಾರದು?"

ಈ ಪ್ರಶ್ನೆಗೆ ಒಂದು ಉತ್ತರವನ್ನು ನಾನು ಮೊದಲೇ ಒಪ್ಪಿಕೊಂಡಿದ್ದೆ. ಒಂದೇ ಪದ, ಇಬ್ಬರೂ. ಅದನ್ನು ಹೇಳಲೆಂದೇ ಬಾಯಿ ತೆರೆದೆ. ಅವ್ವನ ಕಣ್ಣು, ಅವಳ ನೆತ್ತಿ, ಮೀಸೆ ಮೂಡುವ ಕಾಲದ ನನ್ನ ಕೈ, ಎಲ್ಲ ಒಟ್ಟಿಗೆ ಎದುರಿಗೆ ಬಂದವು.

"ಆಕೀದು," ಎಂದೆ.

"ಎರಡದಾವಲ್ಲೋ?"

"ಎರಡೂ ಆಕೀವು ಅವ್ವಾ."

ಸುಮಂಗಲಾ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸುವುದಿಲ್ಲ. ನಂತರ ಫೋನಿನ ಕಡೆಗೆ ಬಾಗಿ, "ಹೂನ್ರಿ ಅತ್ತೀ, ನನ್ನವ," ಎಂದಳು.

ಅವ್ವ ಫೋನಿಗೆ ಇನ್ನಷ್ಟು ಹತ್ತಿರ ಮುಖ ತಂದು ನೋಡಿದಳು. ಆಮೇಲೆ, "ಮೊದ್ಲು ಅದರ ಮ್ಯಾಲ ಏನರ ಮುಚ್ಚವಾ, ನೊಣ ಬೀಳ್ತಾವ," ಎಂದು ಫೋನಿಟ್ಟಳು.

ಮುಚ್ಚಲು ಬೇರೇನೂ ಇರಲಿಲ್ಲ. ಸುಮಂಗಲಾ ರಟ್ಟಿನ ಬಿಲ್ಲೆಗಳನ್ನೆತ್ತಿ ಗ್ಲಾಸುಗಳ ಮೇಲಿಟ್ಟಳು. ನೀಲಿ ಅಂಗಿಯವನು ಅದನ್ನು ಕಂಡದ್ದೇ ತಲೆಬಾಗಿಸಿ ಬಿಲ್ಲು ತಂದುಕೊಟ್ಟ. ಸಾಕು ಎನ್ನಲು ಆ ಊರಿನಲ್ಲಿ ಇರುವ ಪದ್ಧತಿಯೇ ಅದು, ಗ್ಲಾಸಿನ ಮೇಲೆ ಬಿಲ್ಲೆ ಇಡುವುದು. ಇಷ್ಟು ಸರಳವಾದದ್ದು ನಮಗೆ ಕೊಟ್ಟೂರಿನಿಂದ ತಿಳಿಯಬೇಕಾಯಿತು. ನಾನು ನನ್ನ ಗ್ಲಾಸಿಗೆ ಕೈ ಚಾಚಿದೆ. "ಎರಡೂ ನನ್ನವಲ್ರಿ?" ಎಂದು ಸುಮಂಗಲಾ ಒಂದಾದ ಮೇಲೊಂದು ಎರಡನ್ನೂ ಕುಡಿದಳು.

ಆಮೇಲಿನ ಆರು ದಿನ ನಾನು ಯುರೋಪನ್ನು ಸರಿಯಾಗಿ ನೋಡಲಿಲ್ಲ. ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ನಿಂತು ಆಕೆಗೆ ಸ್ವೆಟರು ಬೇಕೇ, ಶಾಲು ಬೇಕೇ ಎಂದು ಕೇಳಿದೆ. "ಎರಡೂ ನನ್ನವಾ?" ಎಂದಳು. ಜಗಳವಾಡಿದ್ದರೆ ಹಗುರಾಗುತ್ತಿತ್ತು. ಆಕೆ ಜಗಳವಾಡಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಹೆಂಡತಿಯನ್ನು ಒಬ್ಬಳೇ ಬಿಟ್ಟು ಬಂದವನ ಹಾಗೆ ಓಡಾಡಿದೆ, ಆಕೆ ಪಕ್ಕದಲ್ಲೇ ನಡೆಯುತ್ತಿದ್ದರೂ.

ಊರಿಗೆ ಬಂದ ದಿನವೇ ಅವ್ವ ಸೊಸೆಯನ್ನು ಕರೆದು ಕೂರಿಸಿಕೊಂಡಳು. "ಹರಳು ಮತ್ತ ಬಂದೈತೇನವಾ?" ಎಂದು ಕೇಳಿದಳು. ತಪ್ಪಿಸಿಕೊಳ್ಳಲು ದಾರಿ ಅಲ್ಲೇ ತೆರೆದಿತ್ತು. ಸುಮಂಗಲಾ, "ಇಲ್ರಿ ಅತ್ತೀ. ನನಗ ಅದು ಸೇರ್ತೈತಿ, ಅದಕ್ಕ ಶನಿವಾರ ಶನಿವಾರ ಕುಡೀತೀನಿ," ಎಂದುಬಿಟ್ಟಳು. ಒಳಗಿನ ಕೋಣೆಯಲ್ಲಿ ನಿಂತು ಕೇಳಿಸಿಕೊಂಡ ನಾನು ಹೊರಗೆ ಬರಲಿಲ್ಲ.

ಅವ್ವ ಎರಡು ದಿನ ಯೋಚನೆ ಮಾಡಿದಳು. ಮೂರನೆಯ ದಿನ ಎಲೆ ಅಡಿಕೆಯ ಸಂಚಿ ಬಿಚ್ಚಿ, ತಂಬಾಕಿನ ಎಸಳು ಬಾಯಿಗೆ ಹಾಕಿಕೊಂಡು ತೀರ್ಪು ಕೊಟ್ಟಳು. "ಗಂಡಸ್ರು ಕುಡದ್ರ ಮನಿ ಹೋಗ್ತೈತಿ, ನನ್ನ ಕಣ್ಣಿಲೆ ಕಂಡೀನಿ. ಹೆಂಗಸ್ರು ಕುಡದ್ರ ಏನ್ ಹೋಗ್ತೈತೋ ನಾ ಕಂಡಿಲ್ಲ. ನನಗ ತಂಬಾಕ ಐತಿ. ಆಕೀಗೂ ತನ್ನದು ಅಂತ ಒಂದು ಇರ್ಲಿ. ಬಾಗ್ಲಾ ಹಾಕ್ಕೊಂಡು ಯಾಕ ಕುಡೀಬೇಕು, ಮಾಳಿಗಿ ಮ್ಯಾಲ ಗಾಳಿ ಐತಿ." ನನ್ನ ಕಡೆ ತಿರುಗಿ, "ನೀ ತಂದುಕೊಡು. ಆದ್ರ ಆಕೀ ಮಗ್ಗಲದಾಗ ಕುಂದ್ರಬ್ಯಾಡ. ವಾಸನಿ ಹತ್ತಿ ಕಲ್ತುಬಿಡ್ತಿ," ಎಂದಳು.

ಹೀಗೆ ನಮ್ಮ ಮನೆಯ ಶನಿವಾರಗಳು ಬದಲಾದವು. ಸಂಜೆಯ ಬಿಸಿಲಿನಲ್ಲಿ ಸುಮಂಗಲಾ ಗಾಜಿನ ಗ್ಲಾಸು ಹಿಡಿದು ಕೂರುತ್ತಾಳೆ, ಅವ್ವ ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತಾಳೆ, ಇಬ್ಬರೂ ಊರ ಮಾತು ಆಡಿಕೊಂಡು ನಗುತ್ತಾರೆ. ಹಗರಿಬೊಮ್ಮನಹಳ್ಳಿಗೆ ಹೋಗಿ ತಂದವನು ನಾನು, ಆ ಕಡೆಯ ಮೂಲೆಯಲ್ಲಿ ಮಜ್ಜಿಗೆ ಹಿಡಿದು ಕೂರುತ್ತೇನೆ. ಇದು ಶಿಕ್ಷೆಯೋ, ಸಂಸಾರ ಸುಧಾರಿಸಿತೋ, ಯಾವ ಕಡೆಯಿಂದ ಯೋಚಿಸಿದರೂ ನನಗೆ ಬಗೆಹರಿಯಲಿಲ್ಲ.

ಐದನೆಯ ಶನಿವಾರ ತಡೆಯಲಾಗಲಿಲ್ಲ. ಬೀರಿನ ಆಸೆಗಲ್ಲ, ಅಷ್ಟು ಮಾತ್ರ ನಂಬಿ. ಎದ್ದು ಹೋಗಿ ಅವ್ವನ ಮುಂದೆ ನೆಲದ ಮೇಲೆ ಕೂತೆ. "ಅವ್ವಾ, ಆವತ್ತು ಸುಳ್ಳು ಹೇಳಿದ್ನಿ. ಒಂದು ಗ್ಲಾಸು ನಂದು. ಇಪ್ಪತ್ತೆರಡು ವರ್ಷದಿಂದ ಇಬ್ರೂ ಕುಡೀತೀವಿ. ಆಣಿ ಮುರದೀನಿ," ಎಂದೆ.

ಅವ್ವ ಅಡಕೊತ್ತು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿದವು. ನಾನು ಬೈಗುಳಕ್ಕೆ ತಲೆ ಬಗ್ಗಿಸಿದೆ.

"ನಿಮ್ಮಪ್ಪಾರೂ ಹಿಂಗ ಮಾಡಿದ್ರು," ಎಂದಳು. "ನಾ ಹೊಸದಾಗಿ ಬಂದಾಗ ನನ್ನ ತಂಬಾಕಿನ ಸಂಚಿ ನಮ್ಮ ಮಾವನ ಮುಂದ ಬಿತ್ತು. ಅದು ನಂದು ಅಂತ ತಾವು ಎತ್ಕೊಂಡು ಬೈಸ್ಕೊಂಡ್ರು. ಜಲ್ಮದಾಗ ಒಂದೆಸಳು ಬಾಯಿಗಿಟ್ಟವರಲ್ಲ. ನೀನೂ ಹೆಂಡ್ತಿ ಮ್ಯಾಲಿಂದು ನಿನ್ನ ಮ್ಯಾಲ ಹಾಕ್ಕೊಳ್ಳಾಕ ಬಂದೀಯಲ್ಲೋ, ನನ್ನಪ್ಪ!"

"ಹಂಗಲ್ಲವ್ವಾ, ಖರೇನ..."

"ಸಾಕ ಬಿಡು. ಆಕಿ ಪುಣ್ಯೇವು ದೊಡ್ಡದು."

ಸುಮಂಗಲಾಳಿಗೆ ನಗು ತಡೆಯದೆ ಗ್ಲಾಸು ಕೆಳಗಿಡಬೇಕಾಯಿತು. ನಕ್ಕು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಎಷ್ಟೋ ದಿನಗಳ ಮೇಲೆ ನನ್ನನ್ನು ಮೊದಲಿನಂತೆ ನೋಡಿದಳು. "ಇಬ್ರೂ ಅಂದ್ರಲ್ಲ, ಸಾಕು," ಎಂದಳು ಮೆಲ್ಲಗೆ. ಅವ್ವ ನನ್ನ ಬೆನ್ನು ಸವರುತ್ತಲೇ ಇದ್ದಳು. ನೀನು ತಿಳಿದಷ್ಟು ನಾನು ಒಳ್ಳೆಯವನಲ್ಲ ಎಂದು ಅಂಥ ಹೊತ್ತಿನಲ್ಲಿ ತಾಯಿಗೆ ಎರಡನೆಯ ಸಲ ಹೇಳುವ ಧೈರ್ಯ ಯಾರಿಗಾದರೂ ಇರಬಹುದು. ನನಗಿರಲಿಲ್ಲ. ಮಜ್ಜಿಗೆಯ ಲೋಟ ಎತ್ತಿ ಗಟಗಟ ಕುಡಿದೆ.